ನೆಲ್ಲು ಹುಲ್ಲು: ಬೆಂಕಿಗೋ, ಕೊಟ್ಟಿಗೆಗೋ?



ಸಿರುಗುಪ್ಪ, ಕುರುಗೋಡು ಕಡೆಯ ಕಾಲುವೆ ಗದ್ದೆಗಳಲ್ಲಿ ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಚೆದುರಿ ಬೀಳುತ್ತದೆ. ಕೂಡಿಹಾಕಲು ಆಳು ಸಿಗುವುದಿಲ್ಲ, ಮುಂದಿನ ಬೆಳೆಗೆ ಅವಸರ. ಕಡ್ಡಿ ಗೀರಿದರೆ ಸಂಜೆಯೊಳಗೆ ಗದ್ದೆ ಖಾಲಿ. ಬೇಸಿಗೆಯಲ್ಲಿ ಅದೇ ಹುಲ್ಲಿಗೆ ನೀವು ದುಡ್ಡು ಕೊಡುತ್ತೀರಿ.

ಸುಡದಿದ್ದರೆ ‘ಕಾರ್ಬನ್ ಕ್ರೆಡಿಟ್’ ಹಣ ಬರುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಬೆಂಕಿ ಕಡಿಮೆ ಮಾಡಿ ಹಣ ಪಡೆಯುವುದು ಸುಳ್ಳಲ್ಲ. ಉತ್ತರ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಬೇಸಿಗೆ ಕೊನೆಗೆ ದೊಡ್ಡ ಬೆಂಕಿ ಏಳುತ್ತದೆ. ಅಲ್ಲಿನ ಮೂಲನಿವಾಸಿಗಳು ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ ಅಲ್ಲಲ್ಲಿ ಸಣ್ಣದಾಗಿ ಸುಟ್ಟು ಆ ದೊಡ್ಡ ಬೆಂಕಿಯನ್ನು ತಡೆಯುತ್ತಿದ್ದರು. 2006ರಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಈ ಕೆಲಸಕ್ಕೆ ಒಂದು ಗ್ಯಾಸ್ ಕಂಪನಿ ಹಣ ಕೊಡಲು ಒಪ್ಪಿತು. ಮುಂದೆ ಸರ್ಕಾರದ ಯೋಜನೆಯಡಿ ಅಲ್ಲಿನ ದೊಡ್ಡ ದನದ ಫಾರಂಗಳೂ ಸೇರಿಕೊಂಡವು.

ಆದರೆ ಅವರ ಫಾರಂ ಎಂದರೆ ನಮ್ಮ ತಾಲ್ಲೂಕಿನಷ್ಟು ಜಾಗ. ನಮ್ಮ ಲೆಕ್ಕ ನೋಡಿ. ಹೊಗೆಯಲ್ಲಿ ಹೋದ ಇಂಗಾಲದ ಡೈಆಕ್ಸೈಡನ್ನು ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುವುದರಿಂದ ಅದನ್ನು ಎಣಿಸುವುದಿಲ್ಲ. ಮೀಥೇನ್, ನೈಟ್ರಸ್ ಆಕ್ಸೈಡ್ ಅನಿಲಗಳನ್ನು ಮಾತ್ರ ಎಣಿಸುತ್ತಾರೆ. ಹಾಗೆ ಎಣಿಸಿದರೆ ಒಂದು ಟನ್ ಹುಲ್ಲು ಸುಡದಿದ್ದಾಗ ಉಳಿಯುವುದು 100 ಕೆ.ಜಿ. ಲೆಕ್ಕದೊಳಗೆ. ಒಂದು ಕ್ರೆಡಿಟ್‌ಗೆ ಬೇಕಾದದ್ದು 1,000 ಕೆ.ಜಿ. ಅಂದರೆ ಐದಾರು ಎಕರೆ ಹುಲ್ಲಿಗೆ ಸುಮಾರಾಗಿ ಒಂದು ಕ್ರೆಡಿಟ್, ಅದರಲ್ಲೇ ಅಳೆಯುವವರ, ಪರಿಶೀಲಿಸುವವರ ಖರ್ಚು ಕಳೆಯಬೇಕು. ಹುಲ್ಲು ತಿಂದ ಎಮ್ಮೆಯೂ ತೇಗಿನಲ್ಲಿ ಮೀಥೇನ್ ಬಿಡುತ್ತದೆ ಎಂಬುದು ಬೇರೆ ಮಾತು!

ಇನ್ನೊಂದು ಅನ್ಯಾಯವೂ ಇದೆ. ಕ್ರೆಡಿಟ್ ಸಿಗುವುದು ಬದಲಾದವರಿಗೆ. ಮೊದಲಿನಿಂದಲೂ ಸುಡದೆ ಬಣವೆ ಒಟ್ಟಿದ ನಿಮಗೆ ಅದರ ಲೆಕ್ಕದಲ್ಲಿ ಏನೂ ಇಲ್ಲ. ಒಪ್ಪಂದಕ್ಕೆ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವವರನ್ನೇ ಕೇಳುತ್ತಾರೆ; ಹುಲ್ಲು ಹೊತ್ತವರನ್ನಲ್ಲ. ಯಾರಾದರೂ ಕಾಗದ ತಂದರೆ ಎಷ್ಟು ವರ್ಷದ ಒಪ್ಪಂದ, ಹಣ ಯಾರ ಖಾತೆಗೆ, ನಡುವೆ ಮಾತು ತಪ್ಪಿದರೆ ಏನು ಎಂದು ಕೇಳದೆ ಹೆಬ್ಬೆಟ್ಟು ಒತ್ತಬೇಡಿ.

ಖಚಿತ ಲಾಭ ಕೊಟ್ಟಿಗೆಯಲ್ಲಿದೆ. ಯಂತ್ರ ಗದ್ದೆಗೆ ಇಳಿಯುವ ಮೊದಲೇ ಮನೆಯಲ್ಲಿ ಮಾತಾಡಿ, ನಾಲ್ಕಾರು ಮನೆ ಸೇರಿ ಹುಲ್ಲು ಕಟ್ಟುವ ಬೇಲರ್ ಬಾಡಿಗೆಗೆ ತರಿಸಿ. ನೆಲ್ಲು ಹುಲ್ಲಿನಲ್ಲಿ ಪ್ರೋಟೀನ್ ಬರೀ 3–4 ಭಾಗ. ಯೂರಿಯಾ ಉಪಚಾರ ಮಾಡಿದರೆ ಸುಮಾರು 7ಕ್ಕೆ ಏರುತ್ತದೆ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50–60 ಲೀಟರ್ ನೀರು. ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಿ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರಡಿ, ಮೊದಲ ವಾರ ಸ್ವಲ್ಪ ಸ್ವಲ್ಪವೇ ಹಾಕಿ. ಈ ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಹಾಲು ಕೊಡುವ ರಾಸಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ.

ಆರು ತಿಂಗಳೊಳಗಿನ ಕರುಗಳಿಗೆ ಉಪಚರಿಸಿದ ಹುಲ್ಲು ಬೇಡ. ಯೂರಿಯಾ ಕಲಸಿದ ಬಕೆಟನ್ನು ದನ ಬಾಯಿ ಹಾಕುವ ಕಡೆ ಒಂದು ಗಳಿಗೆಯೂ ಇಡಬೇಡಿ. ಆ ನೀರು ಕುಡಿದರೆ ದನ ಸಾಯುತ್ತದೆ.