ಇಂಗ್ಲೆಂಡಿನ ನೀಲಿ ಚೆಂಡು ಬಸವನಗುಡಿಯ ತಾರಸಿಗೆ

ಪ್ರಶ್ನೆ: ಮಗಳು ಇಂಗ್ಲೆಂಡಿನಿಂದ ನೀಲಿ ಚೆಂಡಿನಂಥ ಹೂ ಬಿಡುವ ಗ್ಲೋಬ್ ಥಿಸಲ್ ಗಿಡದ ಬೀಜ ತರುತ್ತಾಳಂತೆ. ಬಸವನಗುಡಿಯ ನಮ್ಮ ತಾರಸಿಯಲ್ಲಿ ಬಂದೀತೆ?

ಉತ್ತರ: ಮೊಳಕೆಯೇನೋ ಬಂದೀತು, ವರ್ಷವರ್ಷವೂ ಹೂ ಬಿಡುವುದು ಅನುಮಾನ. ಕೊರೆವ ಚಳಿಯಲ್ಲಿ ಮಣ್ಣೊಳಗೆ ಬರಿಯ ಬೇರಾಗಿ ಮಲಗಿ, ವಸಂತದಲ್ಲಿ ಚಿಗುರುವ ಗಿಡವದು. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಮೇಲಾಗಿ ತಾಯಿಬೇರು ಆಳಕ್ಕಿಳಿಯುತ್ತದೆ, ಕುಂಡ ಸಾಲದು. ಮಳೆನೀರು ನಿಂತರಂತೂ ಕೊಳೆಯುತ್ತದೆ.

ಇದೇ ಕುಲದ ಬ್ರಹ್ಮದಂಡೆ ನಮ್ಮ ಬಯಲುಸೀಮೆಯಲ್ಲೇ ಇದೆ. ಕಂಡರೆ ಮುಳ್ಳುಚೆಂಡಿನಂಥ ಅದರ ಹೂವನ್ನು ಬಗ್ಗಿ ನೋಡಿ: ಒಂದೇ ಹೂವಲ್ಲ, ಪುಟಾಣಿ ಹೂಗಳ ಗುಂಪು, ಅರಳುವುದು ನೆತ್ತಿಯಿಂದ ಕೆಳಕ್ಕೆ.

ಅಂದಹಾಗೆ, ವಿದೇಶಿ ಬೀಜಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಹಾಗೇ ತರಬೇಡವೆಂದು ಮಗಳಿಗೆ ಈಗಲೇ ಹೇಳಿಬಿಡಿ.