ಬಂಡಿದಾರಿಗೂ ಬೇಕು ನಕ್ಷೆಯಲ್ಲೊಂದು ಗೆರೆ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಬಯಲಿನಲ್ಲಿ ನಿಂತು ಅಂಗೈಯಗಲದ ಜಿಪಿಎಸ್ ಸಾಧನ ತೆರೆದರೆ, ನಾವಿರುವ ಜಾಗವನ್ನು ಅದು ಕೆಲವೇ ಮೀಟರ್‌ಗಳ ಅಂತರದಲ್ಲಿ ತೋರಿಸಿಬಿಡುತ್ತದೆ. ಡಾಂಬರು ರಸ್ತೆಗಳು, ದೊಡ್ಡ ಕೆರೆಗಳು ಪರದೆಯ ಮೇಲೆ ಸ್ಪಷ್ಟ. ಆದರೆ ಊರಿನ ಬದುಕು ನಡೆಯುವ ದಾರಿಗಳು ಬೇರೆ. ಹೊಲಕ್ಕೆ ಗೊಬ್ಬರ ಸಾಗುವ ಬಂಡಿದಾರಿ, ತಾಂಡಾ ಸೇರುವ ಅಡ್ಡದಾರಿ, ಕುರಿಹಿಂಡು ಗುಡ್ಡ ಹತ್ತುವ ಜಾಡು, ಹಳ್ಳ ದಾಟುವ ಕಾಲುದಾರಿ. ಇಂಥ ದಾರಿಗಳು ಬಯಲುಸೀಮೆಯ ಉದ್ದಕ್ಕೂ ಡಿಜಿಟಲ್ ನಕ್ಷೆಯಿಂದ ಹೊರಗುಳಿದಿರುವುದೇ ಹೆಚ್ಚು. ಉಪಗ್ರಹ ನಮ್ಮ ನೆಲೆಯನ್ನು ಹೇಳಬಲ್ಲದು. ದಾರಿ ಗೊತ್ತಾಗಬೇಕಾದರೆ ಅದನ್ನು ಯಾರಾದರೂ ಮೊದಲು ನಡೆದು ಗುರುತಿಸಿರಬೇಕು.

ಕೆಂಪು ಗೆರೆಗಳ ಹಾಳೆ

ಹಿಂದೆ ಹಾಗೆ ನಡೆದು ಗುರುತಿಸಿದವರು ಭಾರತೀಯ ಸರ್ವೇಕ್ಷಣಾ ಇಲಾಖೆಯವರು. 1767ರಲ್ಲಿ ಶುರುವಾದ ಈ ಇಲಾಖೆಯ ಸ್ಥಳಾಕೃತಿ ನಕ್ಷೆ, ಅಂದರೆ ಟೋಪೋಶೀಟ್, 1:50,000 ಅಳತೆಯದು. ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಕೆಳಗಿನ ಸಂಕೇತಪಟ್ಟಿಯಲ್ಲಿ ಕಲ್ಲುಹಾಸಿದ ರಸ್ತೆ, ಮಣ್ಣಿನ ರಸ್ತೆ, ಬಂಡಿದಾರಿ, ಹೇರೆತ್ತುಗಳ ದಾರಿ, ಕಾಲುದಾರಿ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಗೆರೆ. ಬಾವಿಗಳೂ ಉಂಟು. ನೀರಿಲ್ಲದ ಹಳ್ಳಕ್ಕೆ ಕಪ್ಪು, ನೀರಿದ್ದರೆ ನೀಲಿ.

76 ಡಿಗ್ರಿ ಪೂರ್ವ ರೇಖಾಂಶ ಹರಪನಹಳ್ಳಿ ಪಟ್ಟಣದ ಪಕ್ಕದಲ್ಲೇ ಹಾದುಹೋಗುತ್ತದೆ. ಹಳೆಯ ಸರಣಿಯಲ್ಲಿ ಹಾಳೆಗಳ ಗುಂಪು ಬದಲಾಗುವುದು ಅಲ್ಲಿಯೇ: ಪಶ್ಚಿಮದ ಹಳ್ಳಿಗಳು 48ನೇ ಗುಂಪಿನಲ್ಲಿ, ಪೂರ್ವದವು 57ನೇ ಗುಂಪಿನಲ್ಲಿ. ಹೀಗಾಗಿ ಒಂದೇ ತಾಲ್ಲೂಕಿನ ದಾರಿ ಹುಡುಕಲು ಎರಡೂ ಗುಂಪಿನ ಹಾಳೆಗಳನ್ನು ಜೋಡಿಸಬೇಕು. ಆಡಳಿತದ ಗಡಿಯೂ ನಿಂತಲ್ಲಿ ನಿಂತಿಲ್ಲ. 1953ರವರೆಗೆ ಮದ್ರಾಸ್ ಕಡೆಗಿದ್ದ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಬದಲಾದರೂ ಜನ ಹೊಲಕ್ಕೆ ಹೋಗುವ ದಾರಿ ಹಿಡಿದೇ ಹೋಗುತ್ತಿದ್ದಾರೆ.

ಆ ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಜಿಪಿಎಸ್‌ಗೆ ತುಂಬುವವರು ಒಂದು ಎಚ್ಚರ ವಹಿಸಬೇಕು. ಹಳೆಯ ಹಾಳೆ ನಿಂತಿರುವುದು ಎವರೆಸ್ಟ್ ಎಂಬ ಭೂಮಾಪನ ಆಧಾರದ ಮೇಲೆ, ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್-84 ಎಂಬ ಇನ್ನೊಂದು ಆಧಾರದ ಮೇಲೆ. ಲೆಕ್ಕ ಸರಿಹೊಂದಿಸದಿದ್ದರೆ ನಮ್ಮ ಭಾಗದಲ್ಲಿ ಗೆರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಸಣ್ಣ ಹಿಡುವಳಿಗಳ ಸೀಮೆಯಲ್ಲಿ ನೂರು ಮೀಟರ್ ಆಚೆ ಎಂದರೆ ಇನ್ನೊಬ್ಬರ ಹೊಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಜನಬಳಕೆಗೆ ಬಂದ ಹೊಸ ಸರಣಿಯ ಹಾಳೆಗಳು ಡಬ್ಲ್ಯುಜಿಎಸ್-84ರಲ್ಲೇ ಇರುವುದರಿಂದ ಈ ತೊಡಕಿಲ್ಲ.

ಗುಡ್ಡ ಕಾಣುತ್ತದೆ, ಜಾಡು ಕಾಣುವುದಿಲ್ಲ

2000ನೇ ಇಸವಿ ಕೈಯಲ್ಲಿ ಹಿಡಿಯುವ ನಕ್ಷೆಗಳ ಪಾಲಿಗೆ ದೊಡ್ಡ ವರ್ಷ. ಆ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆ ರೇಡಾರ್‌ನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ನಾಗರಿಕ ಜಿಪಿಎಸ್‌ನಲ್ಲಿ ಬೇಕೆಂದೇ ಇಟ್ಟಿದ್ದ ದೋಷವನ್ನು ತೆಗೆಯಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ತಪ್ಪುತ್ತಿದ್ದ ಸಾಧನ ಹತ್ತಿಪ್ಪತ್ತು ಮೀಟರಿನೊಳಗೆ ಬಂತು.

ಉಚ್ಚಂಗಿದುರ್ಗದ ಬೆಟ್ಟವನ್ನು ಯಾರೂ ಹತ್ತಿ ಅಳೆಯದೆಯೂ ಅದರ ಸಮೋನ್ನತಿ ರೇಖೆಗಳು ಸಾಧನದಲ್ಲಿ ಮೂಡುವುದಕ್ಕೆ ಆ ರೇಡಾರ್ ಲೆಕ್ಕವೇ ಕಾರಣ. ಆದರೆ ರೇಡಾರ್‌ಗೆ ಗುಡ್ಡದ ಏರು ತಿಳಿಯುತ್ತದೆ, ಅದರ ಮೈಮೇಲಿನ ಜಾಡು ತಿಳಿಯುವುದಿಲ್ಲ. ಉಪಗ್ರಹ ಚಿತ್ರದಲ್ಲೂ ಜಾಲಿ ಮರಗಳಡಿಯ ಕಾಲುದಾರಿ ಮರೆಯಾಗುತ್ತದೆ. ಉತ್ತ ಹೊಲದ ಬದು ಯಾವುದು, ಬಂಡಿದಾರಿ ಯಾವುದು ಎಂದು ಚಿತ್ರ ನೋಡಿ ಹೇಳುವುದು ಕಷ್ಟ.

ಅಮೆರಿಕದ ಚಾರಣಿಗರ ಕೈಯಲ್ಲಿರುವ ಸಾಧನಗಳಲ್ಲಿ ಕಾಡುದಾರಿಗಳು ಎದ್ದು ಕಾಣುತ್ತವೆ. ಅಲ್ಲಿನ ಭೂಸರ್ವೇಕ್ಷಣಾ ಸಂಸ್ಥೆ 1:24,000 ಅಳತೆಯಲ್ಲಿ ಹಾಳೆಗಳನ್ನು ತಯಾರಿಸಿ ಎಲ್ಲರಿಗೂ ತೆರೆದಿಟ್ಟಿತ್ತು. ನಮ್ಮಲ್ಲಿ ಖಾಲಿ ಜಾಗ ತುಂಬುತ್ತಿರುವುದು ಹೆಚ್ಚಾಗಿ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ದಾರಿ ಸೇರಿಸಬಹುದಾದ ನಕ್ಷೆ ಅದು. ಜಿಪಿಎಸ್ ಸಾಧನಗಳಿಗೆ ಉಚಿತವಾಗಿ ಸಿಗುವ ಎಷ್ಟೋ ನಕ್ಷೆಗಳು ಅದರಿಂದಲೇ ತಯಾರಾಗುತ್ತವೆ. ಅದರಲ್ಲಿ ಹೊಲದ ದಾರಿಗೆ, ಕಾಲುದಾರಿಗೆ ಬೇರೆ ಬೇರೆ ವರ್ಗಗಳಿವೆ. ದಾರಿ ಎಷ್ಟು ಗಟ್ಟಿ ಎಂದು ಹೇಳಲು ಐದು ದರ್ಜೆಗಳಿವೆ. ಊರಿನ ಹೆಸರನ್ನು ಕನ್ನಡದಲ್ಲೇ ಬರೆಯುವ ಅವಕಾಶವೂ ಇದೆ.

ಈ ದರ್ಜೆ ನಮಗೆ ತುಂಬ ಮುಖ್ಯ. ಮಸಾರಿ ನೆಲದ ದಾರಿ ಮಳೆ ನಿಂತ ಮೇಲೆ ಬೇಗ ಗಟ್ಟಿಯಾಗುತ್ತದೆ. ಎರೆ ನೆಲದ ದಾರಿ ಗಾಲಿಗೆ ಮೆತ್ತಿಕೊಂಡು ದಿನಗಟ್ಟಲೆ ಕಾಡುತ್ತದೆ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಸಲೀಸಾಗಿ ದಾಟುವ ಹಳ್ಳ ಮುಂಗಾರಿನಲ್ಲಿ ಊರನ್ನೇ ಬೇರೆ ಮಾಡಬಹುದು. ಈ ವಿವರ ಸೇರಿಸದೆ ಬರೀ ಗೆರೆ ಎಳೆದರೆ, ರಾತ್ರಿ ಹೊತ್ತು ತಾಂಡಾ ಹುಡುಕಿ ಬರುವ 108 ಆಂಬುಲೆನ್ಸ್ ಚಾಲಕರಿಗೆ ಅದು ಅಪಾಯದ ಗೆರೆಯೇ ಆದೀತು.

ಹಕ್ಕಿನ ಗೆರೆ, ಹೆಜ್ಜೆಯ ಗೆರೆ

ದಾರಿಯ ಜಗಳ ನಡೆದ ಊರಿನವರಿಗೆ ‘ನಕಾಶೆ ಕಂಡ ದಾರಿ’ ಎಂಬ ಮಾತಿನ ತೂಕ ಗೊತ್ತು. ಕಂದಾಯ ಇಲಾಖೆಯ ಗ್ರಾಮನಕಾಶೆಯಲ್ಲಿ ಬಂಡಿದಾರಿ ಜೋಡಿ ಚುಕ್ಕೆಗೆರೆಯಾಗಿ, ಕಾಲುದಾರಿ ಒಂಟಿ ಚುಕ್ಕೆಗೆರೆಯಾಗಿ ಕಾಣುತ್ತದೆ. ಅಂಥ ದಾರಿಯನ್ನು ಉತ್ತು ಮುಚ್ಚಿದರೆ ತಹಶೀಲ್ದಾರರ ಮುಂದೆ ಕೇಳಲು ಆಧಾರ ಇರುತ್ತದೆ. ನಕಾಶೆಯಲ್ಲಿ ಇಲ್ಲದ ರೂಢಿಯ ದಾರಿಗೂ ಕಾನೂನು ಪೂರ್ತಿ ಬಾಗಿಲು ಮುಚ್ಚಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ ಹಕ್ಕು ಕೇಳಬಹುದು.

ಜಿಪಿಎಸ್ ಜಾಡಿಗೆ ಈ ಬಲ ತಾನಾಗಿ ಬರುವುದಿಲ್ಲ. ಯಾರೋ ನಡೆದರು ಎಂಬುದಕ್ಕಷ್ಟೇ ಅದು ಗುರುತು. ಆದ್ದರಿಂದ ಎರಡನ್ನೂ ಕೂಡಿಸಿ ನೋಡಬೇಕು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನೂ ಗ್ರಾಮನಕಾಶೆಯನ್ನೂ ನಡೆದ ಜಾಡಿನ ಪಕ್ಕದಲ್ಲಿಟ್ಟರೆ, ಯಾವುದು ಸಾರ್ವಜನಿಕ ದಾರಿ, ಯಾವುದು ಹೊಲದವರು ಮನಸ್ಸು ಮಾಡಿ ಬಿಟ್ಟ ದಾರಿ, ಯಾವುದು ಒತ್ತುವರಿಯಾಗಿದೆ ಎಂಬುದರ ಮೊದಲ ಸುಳಿವು ಸಿಗುತ್ತದೆ. ಕೊನೆಯ ತೀರ್ಮಾನ ಸರ್ವೆಯರ ಅಳತೆಯದು. ಹೊಲದವರು ಬಿಟ್ಟ ದಾರಿಯನ್ನು ಅವರನ್ನು ಕೇಳದೆ ಸಾರ್ವಜನಿಕ ಎಂದು ನಕ್ಷೆಗೆ ಹಾಕಬಾರದು. ಹಾಕಿದರೆ ಇವತ್ತಿನ ಸೌಜನ್ಯ ನಾಳೆಯ ಬೇಲಿಯಾಗುತ್ತದೆ.

ಊರವರೇ ಮಾಡಬಹುದಾದ ಕೆಲಸ

ಇದಕ್ಕೆ ದುಬಾರಿ ಸಲಕರಣೆ ಬೇಡ, ಜಾಡು ದಾಖಲಿಸುವ ಸೌಲಭ್ಯವಿರುವ ಮೊಬೈಲ್ ಸಾಕು. ದಾರಿ ಬಲ್ಲವರು ಊರಲ್ಲೇ ಇದ್ದಾರೆ: ಕುರಿಗಾಹಿಗಳು, ಅಂಚೆಯವರು, ಲೈನ್‌ಮನ್‌ಗಳು, ಆಶಾ ಕಾರ್ಯಕರ್ತೆಯರು. ಅವರ ಜೊತೆ ಹೈಸ್ಕೂಲು ಮಕ್ಕಳು ನಡೆಯಲಿ. ಹಳ್ಳ, ಬಾವಿ, ಗುಡಿ, ದಾರಿ ಕೂಡುವ ಜಾಗ ಬಂದಾಗ ನಿಂತು ಗುರುತು ಹಾಕಲಿ. ಹೊಲಗಳ, ಗುಡ್ಡಗಳ ಹೆಸರನ್ನು ಹಿರಿಯರನ್ನು ಕೇಳಿ ಕನ್ನಡದಲ್ಲೇ ಬರೆಯಲಿ. ಬೇಸಿಗೆಯಲ್ಲಿ ನಡೆದ ದಾರಿಯನ್ನು ಮಳೆಗಾಲದಲ್ಲೂ ನೋಡಿಬರಲಿ. ಕೊಟ್ಟೂರು ಗುರುಬಸವೇಶ್ವರರ ರಥೋತ್ಸವಕ್ಕೆ ಪಾದಯಾತ್ರೆ ಹೊರಡುವವರು ಹಾದಿಯ ನೀರು, ನೆರಳಿನ ಜಾಗಗಳನ್ನು ಗುರುತಿಸಿದರೂ ಮುಂದಿನ ವರ್ಷದವರಿಗೆ ಉಪಕಾರ.

ಚಿಗಟೇರಿ ಹೋಬಳಿಯ ಪ್ರತಿ ಗ್ರಾಮ ಪಂಚಾಯಿತಿಯೂ ಹೀಗೆ ತನ್ನ ದಾರಿಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ತಕರಾರಿದ್ದರೆ ಅಲ್ಲೇ ಹೊರಬರುತ್ತದೆ. ತಕರಾರಿಲ್ಲದ ದಾರಿಗಳು ನಕ್ಷೆಗೆ ಹೋಗಲಿ, ಉದ್ಯೋಗ ಖಾತರಿಯ ಕೆಲಸದಲ್ಲಿ ಯಾವ ದಾರಿಗೆ ಮೊದಲು ಮಣ್ಣು ಹಾಕಬೇಕೆಂಬುದೂ ಅದೇ ಪಟ್ಟಿ ನೋಡಿ ತೀರ್ಮಾನವಾಗಲಿ. ದಾರಿ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.