ಅಜ್ಜಿಯ ರಕ್ತ ಸಾಕೇ?

ರಕ್ತ ಪರೀಕ್ಷೆಯಿಂದ ಮಗುವಿನ ತಂದೆ ಯಾರೆಂದು ಹೇಳಬಹುದು ಎಂಬ ಸುದ್ದಿ 1979ರಲ್ಲಿ ಅರ್ಜೆಂಟೀನಾದ ಪತ್ರಿಕೆಯೊಂದರಲ್ಲಿ ಬಂತು. ಅದನ್ನು ಓದಿದ ಕೆಲವು ಅಜ್ಜಿಯರಿಗೆ ಬೇರೆಯೇ ಪ್ರಶ್ನೆ ಹೊಳೆಯಿತು: ಅಪ್ಪ ಅಮ್ಮ ಇಬ್ಬರೂ ಇಲ್ಲದಿದ್ದರೆ ನಮ್ಮ ರಕ್ತ ಸಾಕೇ?

1976ರ ಮಾರ್ಚ್ 24ರಂದು ಅಧಿಕಾರ ಕಿತ್ತುಕೊಂಡ ಸೇನೆ ಸಾವಿರಾರು ಜನರನ್ನು ಎತ್ತಿಕೊಂಡು ಹೋಗಿ ಕಾಣೆಯಾಗಿಸಿತ್ತು. ಅವರಲ್ಲಿ ಬಸುರಿಯರೂ ಇದ್ದರು. ಗುಪ್ತ ಸೆರೆಮನೆಗಳಲ್ಲಿ ಹೆರಿಗೆಯಾಗುವ ತನಕ ಕಾದು, ತಾಯಿಯನ್ನು ಕೊಂದು, ಕೂಸನ್ನು ಸೈನಿಕರಿಗೋ ಪೊಲೀಸರಿಗೋ ಅವರ ಆಪ್ತರಿಗೋ ಕೊಟ್ಟುಬಿಡುತ್ತಿದ್ದರು. ಹೀಗೆ ಕದ್ದ ಮಕ್ಕಳು ಸುಮಾರು 500 ಎಂದು 1977ರಲ್ಲಿ ಹುಟ್ಟಿದ 'ಪ್ಲಾಸಾ ದೆ ಮಾಯೋ ಅಜ್ಜಿಯರು' ಸಂಘಟನೆ ಅಂದಾಜಿಸಿದೆ.

ತಮ್ಮ ಪ್ರಶ್ನೆ ಹೊತ್ತು ಅಜ್ಜಿಯರು ದೇಶ ದೇಶ ಅಲೆದರು. 1982ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ಟರ್ ಪೆಂಚಸಾಡೆ ಸಿಕ್ಕರು; ತಾಯ್ನಾಡು ಬಿಟ್ಟು ಬಂದಿದ್ದ ಅರ್ಜೆಂಟೀನಾದ ತಳಿವಿಜ್ಞಾನಿ. ಅವರ ಮೂಲಕ ಬೇರೆ ವಿಜ್ಞಾನಿಗಳ ಪರಿಚಯವಾಯಿತು. ಸೇನಾಡಳಿತ ತೊಲಗಿದ ಮೇಲೆ, 1984ರಲ್ಲಿ, ಬರ್ಕ್ಲಿಯ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಬ್ಯೂನಸ್ ಐರಿಸ್‌ಗೆ ಬಂದರು.

ಬಿಳಿ ರಕ್ತಕಣಗಳ ಮೇಲಿನ ಎಚ್‌ಎಲ್‌ಎ ಗುರುತುಗಳು ಒಬ್ಬರಿಂದೊಬ್ಬರಿಗೆ ತೀರಾ ಬೇರೆ. ಮಗುವಿಗೆ ಅವುಗಳ ಒಂದು ಕಂತೆ ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬರುತ್ತದೆ. ಅವರಿಗೋ ಅವರವರ ಹೆತ್ತವರಿಂದ. ಹಾಗಾಗಿ ಮಗುವಿನ ಒಂದು ಕಂತೆ ತಾಯಿ ಕಡೆಯ ಅಜ್ಜ ಅಜ್ಜಿಯಲ್ಲಿ, ಇನ್ನೊಂದು ತಂದೆ ಕಡೆಯವರಲ್ಲಿ ಸಿಗಲೇಬೇಕು. ಇಷ್ಟು ಊಹಿಸುವುದು ಕಷ್ಟವಲ್ಲ. ಇಂಥ ಹೊಂದಿಕೆ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಎಂದು ನ್ಯಾಯಾಲಯ ಒಪ್ಪುವಂತೆ ಲೆಕ್ಕ ಹಾಕುವುದೇ ಕಷ್ಟದ ಕೆಲಸ. ಆ ಲೆಕ್ಕಕ್ಕೆ 'ಅಜ್ಜಿತನದ ಸೂಚ್ಯಂಕ' ಎಂದೇ ಹೆಸರಾಯಿತು. ಅದೇ ವರ್ಷದ ಕೊನೆಗೆ, ಪೊಲೀಸ್ ಅಧಿಕಾರಿಯೊಬ್ಬ ತನ್ನ ಮಗಳೆಂದು ದಾಖಲಿಸಿಕೊಂಡಿದ್ದ ಎಂಟು ವರ್ಷದ ಹುಡುಗಿ ಅಜ್ಜಿಯ ಮನೆ ಸೇರಿದಳು. ಅಜ್ಜಿಯರಿಗೆ ವಯಸ್ಸಾಗುತ್ತಿತ್ತು, ಅವರ ರಕ್ತದ ಮಾಹಿತಿಯನ್ನು ಕಾಪಿಡಲು 1987ರಲ್ಲಿ ಕಾನೂನಿನ ಮೂಲಕವೇ ರಾಷ್ಟ್ರೀಯ ತಳಿ ಮಾಹಿತಿ ಬ್ಯಾಂಕ್ ಬಂತು. ತಾಯಿಯ ಸಾಲಿನಲ್ಲಷ್ಟೇ ಹರಿದುಬರುವ ಮೈಟೋಕಾಂಡ್ರಿಯಾದ ಡಿಎನ್‌ಎ ಮುಂದೆ ಕೆಲಸವನ್ನು ಇನ್ನಷ್ಟು ಹಗುರ ಮಾಡಿತು.

ನನಗೆ ಈ ಕತೆಯ ನಿಜವಾದ ಸ್ವಾರಸ್ಯ ಕಾಣುವುದು ಪ್ರಯೋಗಾಲಯದ ಹೊರಗೆ. 1985ರಲ್ಲಿ ಸೇನಾಧಿಪತಿಗಳನ್ನು ಕಟಕಟೆಗೆ ತಂದ ಪ್ರಜಾಪ್ರಭುತ್ವ, ಬ್ಯಾರಕ್ಕುಗಳ ಗುರುಗುಟ್ಟುವಿಕೆಗೆ ಬೇಗನೆ ಅಂಜಿತು. 1986ರ ಕಾನೂನು ಹೊಸ ಮೊಕದ್ದಮೆಗಳಿಗೆ 60 ದಿನಗಳ ಗಡುವು ಹಾಕಿತು. 1987ರದ್ದು, ಮೇಲಿನವರ ಆಜ್ಞೆ ಪಾಲಿಸಿದವರು ತಪ್ಪಿತಸ್ಥರಲ್ಲ ಎಂದಿತು. ಆಮೇಲೆ ಅಧ್ಯಕ್ಷ ಮೆನೆಮ್ ಜೀವಾವಧಿ ಶಿಕ್ಷೆಯಲ್ಲಿದ್ದ, ಸೇನಾಡಳಿತದ ಮುಖ್ಯಸ್ಥನಾಗಿದ್ದ ವಿಡೇಲಾನಿಗೂ ಕ್ಷಮಾದಾನ ಕೊಟ್ಟರು. ಆದರೆ ಆ ಎರಡೂ ಕಾನೂನುಗಳು ಮಕ್ಕಳ ಕಳವನ್ನು ಹೊರಗಿಟ್ಟಿದ್ದವು. ಬರೆದವರಿಗೆ ಅದು ಸಣ್ಣ ವಿನಾಯಿತಿಯಾಗಿ ಕಂಡಿರಬಹುದು. ಅಜ್ಜಿಯರ ಕೈಯಲ್ಲಿ ಅಷ್ಟರಲ್ಲಾಗಲೇ ಪುರಾವೆಯಿತ್ತು. ಬಿಡುಗಡೆಯಾಗಿದ್ದ ವಿಡೇಲಾ 1998ರಲ್ಲಿ ಮತ್ತೆ ಬಂಧನಕ್ಕೊಳಗಾದದ್ದು ಈ ಅಪರಾಧಕ್ಕಾಗಿಯೇ.

2001ರಲ್ಲಿ ನ್ಯಾಯಾಧೀಶ ಗೇಬ್ರಿಯಲ್ ಕವಾಯೊ ಅವರ ಮುಂದೆ ಬಂದ ಮೊಕದ್ದಮೆಯಲ್ಲಿ ವಿಚಿತ್ರ ಸ್ಥಿತಿ. ದಂಪತಿಯ ಕೂಸನ್ನು ಕದ್ದದ್ದಕ್ಕೆ ಆರೋಪಿಗಳನ್ನು ವಿಚಾರಿಸಬಹುದು, ಆ ದಂಪತಿಯನ್ನು ಹಿಂಸಿಸಿ ಕಾಣೆಯಾಗಿಸಿದ್ದಕ್ಕೆ ವಿಚಾರಿಸುವಂತಿಲ್ಲ! ಎರಡೂ ಕಾನೂನುಗಳು ಅಸಿಂಧು ಎಂದು ಅವರು ತೀರ್ಪಿತ್ತರು. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ನೂರಾರು ಅಧಿಕಾರಿಗಳ ವಿಚಾರಣೆ ನಡೆಯಿತು. ಮಕ್ಕಳ ಕಳವು ವ್ಯವಸ್ಥಿತ ಯೋಜನೆಯಾಗಿತ್ತು ಎಂದು ಒಪ್ಪಿದ ನ್ಯಾಯಾಲಯ 2012ರಲ್ಲಿ ವಿಡೇಲಾನಿಗೆ 50 ವರ್ಷ ಶಿಕ್ಷೆ ಕೊಟ್ಟಿತು. ಮರುವರ್ಷ ಆತ ಸೆರೆಯಲ್ಲೇ ಸತ್ತ. ಮೊಮ್ಮಕ್ಕಳ ಹುಡುಕಾಟ ಇನ್ನೂ ನಡೆದಿದೆ. ಈವರೆಗೆ 130ಕ್ಕೂ ಹೆಚ್ಚು ಮಂದಿ ಸಿಕ್ಕಿದ್ದಾರೆ.